ಪ್ರಕಟನೆ ಪುಸ್ತಕವನ್ನು ಸಭೆಗೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಸಭೆಗಳಲ್ಲಿ ಬೈಬಲ್ ಅಧ್ಯಯನ ನಡೆಸುವವರು, ಸಂಡೇ ಸ್ಕೂಲ್ ಟೀಚರುಗಳು, ಮನೆಕೂಟದ ಮುಂದಾಳುಗಳು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಬಗ್ಗೆ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಉತ್ತರಗಳು ನನ್ನವು, ಯಾವ ಸಭೆಯ ಅಧಿಕೃತ ನಿಲುವೂ ಅಲ್ಲ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡು ಹೋಗಬಹುದು.

## ಶುರು ಮಾಡುವ ಮೊದಲು

ಪ್ರಕಟನೆ ಓದಿದರೆ ಹೆದರಿಕೆ ಆಗ್ತದೆ. ಅದನ್ನು ಕಲಿಸಲೇಬೇಕಾ? ಬೇರೆ 65 ಪುಸ್ತಕ ಉಂಟಲ್ಲ?

ನೀವು ಕಲಿಸದಿದ್ದರೆ ಯೂಟ್ಯೂಬ್ ಕಲಿಸುತ್ತದೆ. ಸಭೆಯಲ್ಲಿ ಯಾರೂ ಈ ಪುಸ್ತಕದ ಸುದ್ದಿ ಎತ್ತದಿದ್ದರೆ ಜನ ಸುಮ್ನೆ ಇರುವುದಿಲ್ಲ. ರಾತ್ರಿ ಮೊಬೈಲಿನಲ್ಲಿ ಯಾರದ್ದೋ ಕೂಗಾಟ ಕೇಳಿ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಹೆದರಿಕೆ ನಿಮಗೊಬ್ಬರಿಗೇ ಅಲ್ಲ. ಹಳೆಯ ಸಿರಿಯಾಕ್ ಬೈಬಲಿನಲ್ಲಿ ಈ ಪುಸ್ತಕವೇ ಇರಲಿಲ್ಲ. ಹೆಚ್ಚಿನ ಆರ್ಥೊಡಾಕ್ಸ್ ಸಭೆಗಳು ಇದನ್ನು ಪವಿತ್ರ ಗ್ರಂಥವೆಂದು ಒಪ್ಪಿದರೂ ಆರಾಧನೆಯ ವಾಚನಗಳಲ್ಲಿ ಸೇರಿಸಿಲ್ಲ. ಹೊಸ ಒಡಂಬಡಿಕೆಯ ಹೆಚ್ಚಿನ ಪುಸ್ತಕಗಳಿಗೆ ವ್ಯಾಖ್ಯಾನ ಬರೆದ ಸಭಾ ಸುಧಾರಕ ಕಾಲ್ವಿನ್ ಇದಕ್ಕೆ ಬರೆಯಲಿಲ್ಲ. ಇನ್ನೊಬ್ಬ ಸುಧಾರಕ ಲೂಥರ್ ತನ್ನ ಜರ್ಮನ್ ಹೊಸ ಒಡಂಬಡಿಕೆಯ 1522ರ ಮುನ್ನುಡಿಯಲ್ಲಿ, ನನಗೆ ಈ ಪುಸ್ತಕ ಒಗ್ಗುವುದಿಲ್ಲ ಎಂಬ ಅರ್ಥದಲ್ಲೇ ಬರೆದ.

ಆದರೂ ನಿಮ್ಮ ಸಭೆಗೆ ಪ್ರಕಟನೆ ಹೊಸದೇನೂ ಅಲ್ಲ. ಕರ್ತರ ಭೋಜನದಲ್ಲಿ ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಎನ್ನುತ್ತೇವೆ. ಅದು ಯೆಶಾಯನಲ್ಲೂ ಇದೆ, ಪ್ರಕಟನೆ 4ರಲ್ಲೂ ಇದೆ. ಕ್ರಿಸ್ಮಸ್ ಹೊತ್ತಿಗೆ ಕ್ವಾಯರಿನವರು ಬೆವರಿಳಿಸಿ ಅಭ್ಯಾಸ ಮಾಡುವ ಹಲ್ಲೆಲೂಯಾ ಕೋರಸ್‌ನ ಮಾತುಗಳು 11 ಮತ್ತು 19ನೇ ಅಧ್ಯಾಯದವು. ಮಣ್ಣಿನ ಹೊತ್ತಿನಲ್ಲಿ ಓದುವ ‘ಕಣ್ಣೀರನ್ನೆಲ್ಲಾ ಒರಸಿಬಿಡುವನು’ ಎಂಬ ಮಾತು 21ರದ್ದು. ಮೊದಲ ದಿನ ಇಷ್ಟನ್ನೇ ತೋರಿಸಿ. ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ.

ಬರೆದವರು ಯಾರು, ಯಾವಾಗ, ಯಾರಿಗೆ? ಉದ್ದ ಬೇಡ, ಸ್ವಲ್ಪದರಲ್ಲಿ ಹೇಳಿ.

ಬರೆದವನು ತನ್ನನ್ನು ಯೋಹಾನ ಎನ್ನುತ್ತಾನೆ. ಅವನು ಅಪೊಸ್ತಲನೇ ಹೌದೋ ಅಲ್ಲವೋ ಎಂಬ ಚರ್ಚೆ ಮೂರನೇ ಶತಮಾನದಿಂದಲೇ ಇದೆ. ಬರೆದ ಜಾಗ ಪತ್ಮೊಸ್ ದ್ವೀಪ, ಈಗಿನ ಗ್ರೀಸಿಗೆ ಸೇರಿದ್ದು. ಕಾಗದ ಹೋದದ್ದು ಈಗಿನ ಟರ್ಕಿಯ ಪಶ್ಚಿಮ ಭಾಗದ ಏಳು ಊರುಗಳ ಸಭೆಗಳಿಗೆ. ಎರಡನೇ ಶತಮಾನದ ಬಿಷಪ್ ಐರೇನಿಯಸ್ ಹೇಳುವಂತೆ ಇದು ರೋಮಿನ ದೊಮಿಷಿಯನ್ ಚಕ್ರವರ್ತಿಯ ಕೊನೆಯ ಕಾಲ, ಎಂದರೆ ಸುಮಾರು ಕ್ರಿ.ಶ. 95. ಅವನಿಗಿಂತ ಹಿಂದಿನ ಚಕ್ರವರ್ತಿ ನೀರೋ ಸತ್ತ ಬೆನ್ನಿಗೇ, 68-69ರ ಸುಮಾರಿಗೆ ಬರೆದದ್ದು ಎನ್ನುವವರೂ ಇದ್ದಾರೆ.

ಇಷ್ಟು ಸಾಕು, ಆದರೆ ಒಂದನ್ನು ಮಾತ್ರ ಬಿಡಬೇಡಿ. ಆ ಕಾಲದಲ್ಲಿ ಎಲ್ಲ ಊರಲ್ಲೂ ಕ್ರೈಸ್ತರನ್ನು ಹಿಡಿದು ಕೊಲ್ಲುತ್ತಿದ್ದರು ಎಂದು ನಾವು ಅಂದುಕೊಳ್ಳುತ್ತೇವೆ. ಪುಸ್ತಕದಲ್ಲಿ ಹೆಸರು ಹೇಳಿ ನೆನೆಸುವ ಹುತಾತ್ಮ ಒಬ್ಬನೇ, ಪೆರ್ಗಮದ ಅಂತಿಪ. ಉಳಿದ ಊರುಗಳಲ್ಲಿ ಕೆಲವರು ಹೆದರಿದ್ದರು, ಕೆಲವರು ಬಡವಾಗಿದ್ದರು, ಕೆಲವರು ತುಂಬಾ ಆರಾಮಾಗಿದ್ದರು. ಹೆದರಿದವರಿಗೆ ಧೈರ್ಯ, ಆರಾಮಾಗಿ ಕೂತವರಿಗೆ ಪೆಟ್ಟು. ಪಾಠ ಮಾಡುವಾಗ ಇವೆರಡೂ ಇರಬೇಕು. ನಮ್ಮ ಸಭೆಗಳಲ್ಲಿ ಎರಡನೇ ಬಗೆಯವರೇ ಜಾಸ್ತಿ, ಅಲ್ವಾ?

22 ಅಧ್ಯಾಯ ಉಂಟು. ನನಗೆ ಸಿಕ್ಕಿದ್ದು ಆರು ವಾರ. ಎಂತ ಮಾಡುವುದು?

ಆರು ವಾರ ಧಾರಾಳ ಸಾಕು. ಮೊದಲ ವಾರ 1ನೇ ಅಧ್ಯಾಯ. ಎರಡನೇ ವಾರ ಏಳು ಪತ್ರಗಳಲ್ಲಿ ಎರಡು, ಸ್ಮುರ್ನ ಮತ್ತು ಲವೊದಿಕೀಯ. ಮೂರನೇ ವಾರ 4-5. ಆಮೇಲೆ 12-13, ನಂತರ 17-18, ಕೊನೆಗೆ 21-22. ಬಿಟ್ಟ ಅಧ್ಯಾಯಗಳನ್ನು ಮನೆಯಲ್ಲಿ ಓದಿಕೊಂಡು ಬರಲು ಹೇಳಿ.

ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ ಎಂಬ ದೇವರ ಶಿಕ್ಷೆಯ ಮೂರು ಸಾಲುಗಳನ್ನು ಒಂದೊಂದಾಗಿ ಕಲಿಸಲು ಹೋಗಬೇಡಿ. ನನ್ನ ಓದಿನಲ್ಲಿ ಅವು ಒಂದೇ ಸಂಗತಿಯನ್ನು ಮೂರು ಸಲ, ಏರು ದನಿಯಲ್ಲಿ ಹೇಳುತ್ತವೆ. ಮುದ್ರೆಗಳಲ್ಲಿ ಭೂಮಿಯ ಕಾಲು ಭಾಗಕ್ಕೆ ಪೆಟ್ಟು, ತುತೂರಿಗಳಲ್ಲಿ ಮೂರನೇ ಒಂದು ಭಾಗಕ್ಕೆ, ಪಾತ್ರೆಗಳಲ್ಲಿ ಎಲ್ಲಕ್ಕೂ. ಬೋರ್ಡಿನ ಮೇಲೆ ಇದನ್ನು ಬರೆದರೆ ಜನಕ್ಕೆ ಜಾಡು ಸಿಗುತ್ತದೆ.

ಕಾಲದ ಬಗ್ಗೆ ಒಂದು ಮಾತು. ಹೆಚ್ಚಿನವರು ಇದನ್ನು ವರ್ಷದ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನು ಈಸ್ಟರ್ ಆದ ಮೇಲಿನ ವಾರಗಳನ್ನು ಆರಿಸುತ್ತೇನೆ. ಕೆಥೊಲಿಕ್ ಸಭೆಯಲ್ಲೂ ಮೂರು ವರ್ಷಕ್ಕೊಮ್ಮೆ ಪಾಸ್ಕ ಕಾಲದ ಭಾನುವಾರಗಳ ಎರಡನೇ ವಾಚನ ಪ್ರಕಟನೆಯದ್ದೇ. ಎದ್ದು ಬಂದವನ ಹಬ್ಬದ ಬೆನ್ನಿಗೆ ಓದಿದರೆ ಪುಸ್ತಕದ ಬಣ್ಣವೇ ಬೇರೆ.

ಗಟ್ಟಿಯಾಗಿ ಓದಿಸಿ ಅಂತೀರಿ. ನಮ್ಮಲ್ಲಿ ಜನ ತೂಕಡಿಸ್ತಾರೆ.

ಒಬ್ಬರೇ ಒಂದೇ ದನಿಯಲ್ಲಿ ಓದಿದರೆ ನಾನೂ ತೂಕಡಿಸುತ್ತೇನೆ. ಆದರೆ ಈ ಪುಸ್ತಕ ಹುಟ್ಟಿದ್ದೇ ಕೇಳಿಸಲಿಕ್ಕೆ. ‘ಓದುವವನೂ ಕೇಳುವವರೂ ಧನ್ಯರು’ ಎಂದು 1:3ರಲ್ಲೇ ಇದೆ: ಓದುವವನು ಒಬ್ಬ, ಕೇಳುವವರು ಹಲವರು. ಒಟ್ಟು 404 ವಚನ. ಇಡೀ ಪುಸ್ತಕ ಓದಲು ಒಂದೂವರೆ ಗಂಟೆಯ ಹತ್ತಿರ ಬೇಕು.

4-5ನೇ ಅಧ್ಯಾಯದಿಂದ ಶುರು ಮಾಡಿ. ಕಥೆ ಹೇಳಲು ಒಬ್ಬರು. ದೇವರ ಸಿಂಹಾಸನದ ಸುತ್ತಲಿನ ನಾಲ್ಕು ಜೀವಿಗಳ ಮಾತಿಗೆ ಸಂಡೇ ಸ್ಕೂಲಿನ ನಾಲ್ಕು ಮಕ್ಕಳು, ನಾಲ್ಕು ಮೂಲೆಯಲ್ಲಿ. ಹಿರಿಯರ ಮಾತಿಗೆ ಹಿಂದಿನ ಬೆಂಚಿನವರು, ದೇವದೂತರ ಮಾತಿಗೆ ಕ್ವಾಯರ್. 5:13 ಬಂದಾಗ ಎಲ್ಲರೂ ಎದ್ದು ನಿಂತು ಒಟ್ಟಿಗೆ ಓದಬೇಕು.

ನಡುವೆ ಒಂದು ಕಡೆ ಸುರುಳಿಯನ್ನು ಬಿಚ್ಚಲು ಯಾರೂ ಸಿಗದೆ ಯೋಹಾನ ಅಳುತ್ತಾನೆ. ಹಿರಿಯರಲ್ಲಿ ಒಬ್ಬನು ‘ಅಳಬೇಡ’ ಎನ್ನುತ್ತಾನೆ. ಒಂದು ಸಲ ಆ ಮಾತನ್ನು ಮೂಲೆಯಲ್ಲಿ ಕೂತ ಒಬ್ಬರು ಅಜ್ಜಿಗೆ ಕೊಟ್ಟಿದ್ದೆವು. ಅವರ ಸರದಿ ಬಂದಾಗ ಕನ್ನಡಕ ಬ್ಯಾಗಿನ ತಳದಲ್ಲಿತ್ತು. ಹುಡುಕಿ, ಸೆರಗಿನಲ್ಲಿ ಒರೆಸಿ, ಹಾಕಿಕೊಳ್ಳುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಪುಸ್ತಕ ನೋಡದೆಯೇ, ಮೊಮ್ಮಗನಿಗೆ ಹೇಳಿದ ಹಾಗೆ ‘ಅಳಬೇಡ’ ಎಂದರು. ಆ ದಿನ ವಿವರಣೆಗೆ ಬರೆದುಕೊಂಡು ಹೋದದ್ದರಲ್ಲಿ ಹೆಚ್ಚಿನದು ಬೇಕಾಗಲಿಲ್ಲ.

8:1ರಲ್ಲಿ ಪರಲೋಕದಲ್ಲಿ ಸುಮಾರು ಅರ್ಧ ಗಂಟೆ ಮೌನ ಎಂದಿದೆ. ಮೂರು ನಿಮಿಷ ಇಟ್ಟು ನೋಡಿ. ಜುಲೈ ತಿಂಗಳಲ್ಲಿ ಬೇಡ, ಹೆಂಚಿನ ಮೇಲೆ ಮಳೆ ಬೀಳುವಾಗ ಮೌನ ಎಲ್ಲಿಂದ ಬರಬೇಕು!

ತುಳುವಿನಲ್ಲಿ ವಿವರಿಸಬಹುದಾ? ಪ್ರಸಂಗ ಕನ್ನಡದಲ್ಲೇ ಆಗಬೇಕು ಅಂತಾರೆ ಕೆಲವರು.

ಓದು ಕನ್ನಡದಲ್ಲಿ, ಮಾತುಕತೆ ತುಳುವಿನಲ್ಲಿ. ಮನೆಯಲ್ಲಿ ತುಳು ಮಾತಾಡುವವರು ಕನ್ನಡದಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಪ್ರಕಟನೆಯಲ್ಲಿ ಪ್ರಶ್ನೆ ಕೇಳದಿದ್ದರೆ ಪಾಠ ಮುಂದೆ ಹೋಗುವುದಿಲ್ಲ. 7:9ರಲ್ಲಿ ಸಿಂಹಾಸನದ ಮುಂದೆ ಎಲ್ಲ ಭಾಷೆಯವರೂ ಇದ್ದಾರೆ ಎಂದು ತಕರಾರಿನವರಿಗೆ ತೋರಿಸಿ.

## ಪಾಠದ ನಡುವೆ ಏಳುವ ಪ್ರಶ್ನೆಗಳು

ಏಳು ಸಭೆ ಅಂದ್ರೆ ಸಭಾ ಚರಿತ್ರೆಯ ಏಳು ಕಾಲ, ನಾವೀಗ ಲವೊದಿಕೀಯದ ಕಾಲದಲ್ಲಿ ಇದ್ದೇವೆ ಅಂತ ಒಬ್ಬರು ಹೇಳಿದ್ರು. ಹೌದಾ?

ಹಾಗೆ ಓದಲು ಪುಸ್ತಕದಲ್ಲಿ ಆಧಾರವಿಲ್ಲ. ಅವು ನಿಜವಾದ ಊರುಗಳು. ಸ್ಮುರ್ನ ಇವತ್ತಿನ ಇಜ್ಮೀರ್, ದೊಡ್ಡ ಬಂದರು ಪಟ್ಟಣ.

ಲವೊದಿಕೀಯ ಉಣ್ಣೆ ಬಟ್ಟೆ ಮತ್ತು ಹಣದ ವ್ಯವಹಾರಕ್ಕೆ ಹೆಸರಾದ ಶ್ರೀಮಂತ ಊರು. ಕ್ರಿ.ಶ. 60ರ ಭೂಕಂಪದಲ್ಲಿ ಹಾಳಾದಾಗ ರೋಮಿನ ಸಹಾಯವಿಲ್ಲದೆ ತಾನೇ ಕಟ್ಟಿಕೊಂಡಿತು ಎಂದು ರೋಮಿನ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ‘ನನಗೆ ಯಾವುದಕ್ಕೂ ಕೊರತೆಯಿಲ್ಲ’ ಎಂಬ ಅವರ ಮಾತು ಪತ್ರದಲ್ಲೂ ಬರುತ್ತದೆ. ‘ನೀನು ತಣ್ಣಗಾದರೂ ಬಿಸಿಯಾದರೂ ಆಗಿದ್ದರೆ ಚೆನ್ನಾಗಿತ್ತು, ಆದರೆ ಉಗುರುಬೆಚ್ಚಗಿದ್ದೀ’ ಎಂದು ಅದೇ ಪತ್ರದಲ್ಲಿ ಯೇಸು ಹೇಳುತ್ತಾನೆ. ಆ ಊರಿಗೆ ನೀರು ಮಾತ್ರ ಕಾಲುವೆಯಲ್ಲಿ ಹೊರಗಿಂದ ಬರಬೇಕಿತ್ತು. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆ, ಕೊಲೊಸ್ಸೆಯಲ್ಲಿ ತಣ್ಣೀರು. ಬಿಸಿನೀರು ಮೈನೋವಿಗೆ ಆಗುತ್ತದೆ, ತಣ್ಣೀರು ಬಾಯಾರಿಕೆಗೆ ಆಗುತ್ತದೆ, ಉಗುರುಬೆಚ್ಚಗಿನದು ಯಾವುದಕ್ಕೂ ಆಗದು. ಹಲವು ಪಂಡಿತರು ಹೀಗೆ ಓದುತ್ತಾರೆ, ನನಗೂ ಇದೇ ಸರಿ ಕಾಣುತ್ತದೆ. ‘ಬಿಸಿ ಎಂದರೆ ಭಕ್ತಿ, ತಣ್ಣಗೆ ಎಂದರೆ ಅವಿಶ್ವಾಸ’ ಎಂದು ಕಲಿಸಿದರೆ, ಯೇಸು ಅವಿಶ್ವಾಸವನ್ನೂ ಮೆಚ್ಚಿದ ಹಾಗೆ ಆಗುವುದಿಲ್ಲವಾ?

ಆಧಾರ್ ಕಾರ್ಡು, ಬಾರ್‌ಕೋಡ್, ಕೊರೊನಾ ಲಸಿಕೆ, ಈಗ ಯುಪಿಐ. ಇದರಲ್ಲಿ 666 ಯಾವುದು?

ಯಾವುದೂ ಅಲ್ಲ. ಈ ಪ್ರಶ್ನೆಗೆ ನಗಬೇಡಿ. ಕೇಳುವವರು ನಿಜವಾಗಿಯೂ ಹೆದರಿರುತ್ತಾರೆ.

13:18ರಲ್ಲಿ 666 ಎಂಬುದು ಮೃಗದ ಸಂಖ್ಯೆ, ಒಬ್ಬ ಮನುಷ್ಯನ ಹೆಸರಿನ ಲೆಕ್ಕ. ಕಟಪಯಾದಿ, ಎಂದರೆ ಅಕ್ಷರಕ್ಕೆ ಅಂಕೆ ಕೊಡುವ ಪದ್ಧತಿ, ಗೊತ್ತಿರುವವರಿಗೆ ಇದನ್ನು ಹೇಳುವುದು ಸುಲಭ. ಕರ್ನಾಟಕ ಸಂಗೀತದಲ್ಲಿ ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರದಿಂದ ಅದರ ಸಂಖ್ಯೆ ಸಿಗುತ್ತದೆ. ಹೀಬ್ರೂ, ಗ್ರೀಕ್ ಭಾಷೆಗಳಲ್ಲೂ ಪ್ರತಿ ಅಕ್ಷರಕ್ಕೆ ಒಂದು ಬೆಲೆ ಇತ್ತು. ‘ನೆರೋನ್ ಕೈಸರ್’ (ಚಕ್ರವರ್ತಿ ನೀರೋ) ಎಂದು ಹೀಬ್ರೂ ಅಕ್ಷರದಲ್ಲಿ ಬರೆದರೆ 50, 200, 6, 50, ಆಮೇಲೆ 100, 60, 200. ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲಿ ಕೂಡಿಸಿ. 666 ಬರುತ್ತದೆ. ‘ನೆರೋನ್’ ಎಂಬುದರ ಕೊನೆಯ ಅಕ್ಷರ ಬಿಟ್ಟರೆ 616. ಈಜಿಪ್ಟಿನಲ್ಲಿ ಸಿಕ್ಕ ಒಂದು ಹಳೆಯ ಹಸ್ತಪ್ರತಿಯಲ್ಲಿ 616 ಎಂದೇ ಇದೆ. ಎರಡೂ ಲೆಕ್ಕ ಒಂದೇ ಹೆಸರಿಗೆ ಹೋಗುವುದರಿಂದ ಹೆಚ್ಚಿನ ವಿದ್ವಾಂಸರು ನೀರೋ ಕಡೆಗೆ ಕೈ ತೋರಿಸುತ್ತಾರೆ.

ಹಾಗಾದರೆ ಕೈಗೋ ಹಣೆಗೋ ಹಾಕುವ ಮೃಗದ ಗುರುತು? 13ನೇ ಅಧ್ಯಾಯದಲ್ಲಿ ಅದು ಮೃಗಕ್ಕೆ ಅಡ್ಡಬೀಳುವುದರ ಜೊತೆ ಬರುತ್ತದೆ. ಗೊತ್ತಿಲ್ಲದೆ ಯಾರೋ ಚುಚ್ಚಿ ಹೋಗುವಂಥದ್ದಲ್ಲ. ಪುಟ ತಿರುಗಿಸಿದರೆ 14:1ರಲ್ಲಿ ಕುರಿಮರಿಯ, ಎಂದರೆ ಯೇಸುವಿನ, ಕಡೆಯವರ ಹಣೆಯ ಮೇಲೂ ಹೆಸರು ಬರೆದಿದೆ. ಆ ಹೆಸರನ್ನು ಯಾರೂ ಚಿಪ್ ಎನ್ನುವುದಿಲ್ಲ. ಈ ಹೆಸರನ್ನು ಅಕ್ಷರಶಃ ತೆಗೆದುಕೊಳ್ಳದವರು ಆ ಗುರುತನ್ನು ಮಾತ್ರ ಯಾಕೆ ಹಾಗೆ ತೆಗೆದುಕೊಳ್ಳಬೇಕು?

ಇನ್ನೊಂದು. ‘ಕ್ರಿಸ್ತವಿರೋಧಿ’ ಎಂಬ ಹೆಸರು ಪ್ರಕಟನೆಯಲ್ಲಿ ಒಂದು ಸಲವೂ ಬರುವುದಿಲ್ಲ. ಯೋಹಾನನ ಮೊದಲ ಎರಡು ಪತ್ರಗಳಲ್ಲಿ ಮಾತ್ರ ಇದೆ. ಸಭೆಯಲ್ಲಿ ಹುಡುಕಲು ಹೇಳಿ, ಒಳ್ಳೆಯ ಕೆಲಸ ಕೊಟ್ಟ ಹಾಗಾಗುತ್ತದೆ.

ಸ್ವರ್ಗಕ್ಕೆ ಹೋಗುವವರು 1,44,000 ಮಾತ್ರವಾ? ನಮಗೆ ಜಾಗ ಉಂಟಾ?

ಜಾಗ ಉಂಟು. ಹನ್ನೆರಡನ್ನು ಹನ್ನೆರಡರಿಂದ ಗುಣಿಸಿ, ಸಾವಿರದಿಂದ ಗುಣಿಸಿದರೆ ಆ ಸಂಖ್ಯೆ. ತುಂಬಿದ ಲೆಕ್ಕ ಎಂದು ಅರ್ಥ. ಯೋಹಾನ 7:4ರಲ್ಲಿ ಸಂಖ್ಯೆಯನ್ನು ಕಿವಿಯಿಂದ ಕೇಳುತ್ತಾನೆ, 7:9ರಲ್ಲಿ ಕಣ್ಣೆತ್ತಿ ನೋಡುವಾಗ ಯಾರಿಂದಲೂ ಎಣಿಸಲಾಗದ ಗುಂಪು ಇರುತ್ತದೆ.

ರ‍್ಯಾಪ್ಚರ್ ಯಾವ ಅಧ್ಯಾಯದಲ್ಲಿ ಉಂಟು? ಹುಡುಕಿದೆ, ಸಿಗ್ಲಿಲ್ಲ.

ರ‍್ಯಾಪ್ಚರ್, ಎಂದರೆ ವಿಶ್ವಾಸಿಗಳನ್ನು ಮೇಲಕ್ಕೆ ಎತ್ತಿಕೊಳ್ಳುವುದು, ಪ್ರಕಟನೆಯಲ್ಲಿ ಇಲ್ಲ, ಅದಕ್ಕೇ ಸಿಗಲಿಲ್ಲ. ಅದಕ್ಕೆ ತೋರಿಸುವ ಮುಖ್ಯ ವಚನ 1 ಥೆಸಲೋನಿಕ 4:17. ಕಷ್ಟಕಾಲಕ್ಕೆ ಮುಂಚೆ ವಿಶ್ವಾಸಿಗಳನ್ನು ಗುಟ್ಟಾಗಿ ಎತ್ತಿಕೊಂಡು ಹೋಗುತ್ತಾರೆ ಎಂಬ ಬೋಧನೆ ಹರಡಿದ್ದು 1830ರ ದಶಕದಿಂದ, ಬ್ರಿಟನ್ನಿನ ಜಾನ್ ನೆಲ್ಸನ್ ಡಾರ್ಬಿ ಮೂಲಕ. ನಿಮ್ಮ ಅತ್ತೆಯೋ ಭಾವನೋ ಇದನ್ನು ನಂಬುವ ಸಭೆಗೆ ಹೋಗುತ್ತಿದ್ದರೆ ಊಟದ ಮೇಜಿನಲ್ಲಿ ಈ ಸುದ್ದಿ ಎತ್ತಬೇಡಿ. ಪಾಠದಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇಸ್ರೇಲಿನಲ್ಲಿ ಯುದ್ಧ ಆದಾಗಲೆಲ್ಲ ‘ಇದೇ ಕಡೇ ಕಾಲ’ ಅಂತ ವಾಟ್ಸಾಪ್ ತುಂಬ್ತದೆ. ಮಗ ಗಲ್ಫಿನಲ್ಲಿ ಇದ್ದಾನೆ, ನಿದ್ದೆ ಬರುವುದಿಲ್ಲ. ಸಭೆಗೆ ಎಂತ ಹೇಳುವುದು?

ಮೊದಲು ಮಗನ ಬಗ್ಗೆ ಕೇಳಿ. ಆ ಹೆದರಿಕೆ ಪ್ರಕಟನೆಯದ್ದಲ್ಲ, ತಾಯಿಯದ್ದು. ಅದಕ್ಕೆ ಪಾಠ ಬೇಡ, ಪ್ರಾರ್ಥನೆ ಬೇಕು, ಆಗಾಗ ಒಂದು ಫೋನ್ ಕಾಲ್ ಬೇಕು.

ಉಳಿದವರಿಗೆ ನಮ್ಮ ಊರಿನ ಕಥೆಯನ್ನೇ ಹೇಳಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿಗೆ ದೊಡ್ಡ ಬಲ ಜರ್ಮನಿಯ ವುರ್ಟೆಂಬರ್ಗಿನ ಭಕ್ತರಿಂದ. ಅದೇ ನಾಡಿನ ಬೆಂಗಲ್ ಎಂಬ ದೊಡ್ಡ ಬೈಬಲ್ ಪಂಡಿತ ಹದಿನೆಂಟನೇ ಶತಮಾನದಲ್ಲಿ ಪ್ರಕಟನೆಯ ಸಂಖ್ಯೆಗಳನ್ನು ಕೂಡಿಸಿ ಕಳೆದು, 1836ರಲ್ಲಿ ಮಹಾ ಘಟನೆ ಆಗುತ್ತದೆ ಎಂದು ಲೆಕ್ಕ ಕೊಟ್ಟಿದ್ದ. ಅವನ ಮಾತಿಗೆ ಅಲ್ಲಿ ತುಂಬಾ ಬೆಲೆಯಿತ್ತು. 1836 ಬಂತು, ಹೋಯಿತು. ಅದೇ ವರ್ಷ ಆ ನಾಡಿನವನೇ ಆದ ಹೆರ್ಮನ್ ಮೊಗ್ಲಿಂಗ್ ಇಂಡಿಯಾಕ್ಕೆ ಬಂದ. 1843ರಲ್ಲಿ ಅವನ ಕೈಯಿಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. 1865ರಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು. ಲೆಕ್ಕ ತಪ್ಪಿತು ಎಂದು ಇಲ್ಲಿ ಯಾರೂ ಕೈ ಕಟ್ಟಿ ಕೂರಲಿಲ್ಲ.

ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಬರುತ್ತಾನೆ ಎಂದು ಕಾದು ಕೂತು, ಬಾರದೆ ಅತ್ತರು. ಆ ದಿನವನ್ನು ಮಗನೂ ತಿಳಿಯನು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳಿರುವಾಗ ವಾಟ್ಸಾಪಿಗೆ ತಿಳಿದಿರುತ್ತದಾ?

ಮೃಗಕ್ಕೆ ಏಳು ತಲೆ, ಹತ್ತು ಕೊಂಬು. ಮಕ್ಕಳು ಚಿತ್ರ ಬರೀತಾರೆ, ದೊಡ್ಡವರು ನಗ್ತಾರೆ. ಇದನ್ನು ಹೇಗೆ ಗಂಭೀರವಾಗಿ ತೆಗೆದುಕೊಳ್ಳುವುದು?

ನಗಲಿ, ಚಿತ್ರವನ್ನೂ ಬರೆಯಲಿ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ರಂಗಕ್ಕೆ ಬರುವಾಗ, ಈ ರಾಕ್ಷಸನ ಮನೆ ಎಲ್ಲಿ ಎಂದು ನಾವು ಕೇಳುವುದಿಲ್ಲ. ಮುಖದ ಬರವಣಿಗೆ ನೋಡಿದರೆ ಯಾರ ಕಡೆಯವನು ಎಂದು ಗೊತ್ತಾಗುತ್ತದೆ. ಯೋಹಾನನ ಕೇಳುಗರಿಗೂ ಈ ವೇಷ ಗೊತ್ತಿತ್ತು. ದಾನಿಯೇಲ 7ರಲ್ಲಿ ಸಮುದ್ರದಿಂದ ಬರುವ ನಾಲ್ಕು ಮೃಗಗಳು ನಾಲ್ಕು ರಾಜ್ಯಗಳು. ಯೋಹಾನ ಆ ಸಿಂಹ, ಕರಡಿ, ಚಿರತೆಗಳನ್ನು ಒಂದೇ ಮೈಗೆ ಹೊಲಿದಿದ್ದಾನೆ. ಪ್ರಕಟನೆಗೆ ಮೊದಲು ದಾನಿಯೇಲ 7 ಓದಿಸಿ, ಅರ್ಧ ಕೆಲಸ ಮುಗಿಯುತ್ತದೆ.

## ಕಷ್ಟದ ಪ್ರಶ್ನೆಗಳು

ಇಷ್ಟು ರಕ್ತ, ಇಷ್ಟು ಸಿಟ್ಟು. ಯೇಸುಸ್ವಾಮಿ ಕಲಿಸಿದ ಪ್ರೀತಿ ಎಲ್ಲಿ ಹೋಯ್ತು?

ಈ ಪ್ರಶ್ನೆಯನ್ನು ಬೇಗ ಮುಗಿಸಬೇಡಿ. 14:20ರಲ್ಲಿ ಕುದುರೆಯ ಕಡಿವಾಣದ ಎತ್ತರಕ್ಕೆ ರಕ್ತ, 1600 ಸ್ತಾದ್ಯ ದೂರ. ಹತ್ತಿರ ಹತ್ತಿರ 300 ಕಿಲೋಮೀಟರ್. ಮಂಗಳೂರಿನಿಂದ ಹೊರಟರೆ ಕಾರವಾರವನ್ನೂ ದಾಟುವಷ್ಟು. ಓದುವಾಗ ಮೈ ಜುಮ್ಮೆನ್ನಬೇಕು. ಜುಮ್ಮೆನ್ನದಿದ್ದರೆ ನಾವು ಓದಿಲ್ಲ.

ನಾನು 5:5-6ಕ್ಕೆ ಹಿಂದಿರುಗುತ್ತೇನೆ. ‘ಯೂದಕುಲದ ಸಿಂಹ ಗೆದ್ದಿದ್ದಾನೆ’ ಎಂಬ ಮಾತು ಯೋಹಾನನ ಕಿವಿಗೆ ಬೀಳುತ್ತದೆ. ತಿರುಗಿ ನೋಡಿದರೆ ಕೊಯ್ದ ಕುರಿಮರಿ ನಿಂತಿದೆ. ಅಲ್ಲಿಂದ ಮುಂದೆ ಸಿಂಹದ ಹೆಸರೇ ಅವನಿಗೆ ಬರುವುದಿಲ್ಲ, ಪುಸ್ತಕದ ಕೊನೆಯವರೆಗೂ ಕುರಿಮರಿಯೇ. 19:13ರಲ್ಲಿ ಬಿಳಿ ಕುದುರೆಯ ಮೇಲೆ ಬರುವವನ ಬಟ್ಟೆ ಯುದ್ಧ ಶುರುವಾಗುವ ಮೊದಲೇ ರಕ್ತದಲ್ಲಿ ಅದ್ದಿದೆ. ಅದು ಅವನದೇ ರಕ್ತ ಎಂದು ಓದುವವರಿದ್ದಾರೆ, ನಾನೂ ಅವರ ಜೊತೆ. ಕತ್ತಿ ಅವನ ಕೈಯಲ್ಲಿಲ್ಲ, ಬಾಯಿಂದ ಬರುತ್ತದೆ.

ಇಷ್ಟು ಹೇಳಿದರೂ ಎಲ್ಲ ವಚನಗಳೂ ಮೆತ್ತಗಾಗುವುದಿಲ್ಲ. 6:10ರಲ್ಲಿ ಕೊಲೆಯಾದವರು ‘ಇನ್ನೆಷ್ಟರ ತನಕ?’ ಎಂದು ಕೂಗುತ್ತಾರೆ. ನ್ಯಾಯಕ್ಕಾಗಿ ಕೋರ್ಟು ಕಚೇರಿ ಅಲೆದು ಸೋತವರು ನಿಮ್ಮ ಸಭೆಯಲ್ಲಿ ಒಬ್ಬರಾದರೂ ಇರುತ್ತಾರೆ. ಈ ವಚನವನ್ನು ಅವರ ಕೈಯಲ್ಲಿ ಓದಿಸಿ. ದೇವರಿಗೆ ಸಿಟ್ಟೇ ಬಾರದು ಎಂಬ ಸುದ್ದಿ ಅವರಿಗೆ ಶುಭವಾರ್ತೆ ಅಲ್ಲ.

ಮಹಿಳಾ ಕೂಟದಲ್ಲಿ 17ನೇ ಅಧ್ಯಾಯ ಹೇಗೆ ಕಲಿಸುವುದು? ‘ಜಾರಸ್ತ್ರೀ’ ಅಂತ ಓದುವಾಗಲೇ ಎಲ್ಲರೂ ತಲೆ ತಗ್ಗಿಸ್ತಾರೆ.

ತಗ್ಗಿಸುವುದು ಸಹಜ. ಈ ಭಾಷೆ ನೋಯಿಸುತ್ತದೆ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಯೋಹಾನ ಇದನ್ನು ಹೊಸದಾಗಿ ಕಟ್ಟಿದ್ದಲ್ಲ. ಹೋಶೇಯ, ಯೆಹೆಜ್ಕೇಲರು ಊರು-ದೇಶಗಳನ್ನು ಹೀಗೆಯೇ ಬೈದಿದ್ದಾರೆ. ಅದರಿಂದ ನೋವು ಕಡಿಮೆ ಆಗುವುದಿಲ್ಲ, ಆದರೆ ಬೈಗುಳ ಯಾರಿಗೆ ಎಂಬುದು ಗೊತ್ತಾಗುತ್ತದೆ. 17:18 ನೇರವಾಗಿ ಹೇಳುತ್ತದೆ: ಬಾಬಿಲೋನ್ ಎಂಬ ಹೆಸರು ಹೊತ್ತ ಆ ಸ್ತ್ರೀ ಎಂದರೆ ರಾಜರ ಮೇಲೆ ಆಳುವ ಮಹಾನಗರಿ. ಅವಳು ಕೂತದ್ದು ಏಳು ಬೆಟ್ಟದ ಮೇಲೆ ಎಂದೊಡನೆ ಆ ಕಾಲದವರಿಗೆ ರೋಮ್ ಎಂದು ತಿಳಿಯುತ್ತಿತ್ತು.

ನನಗೆ ಸಿಟ್ಟು ಬರುವುದು ಈ ಅಧ್ಯಾಯವನ್ನು ಹಿಡಿದುಕೊಂಡು ಹೆಂಗಸರ ಚಿನ್ನ, ಸೀರೆ, ತುಟಿಯ ಬಣ್ಣದ ಬಗ್ಗೆ ಪ್ರಸಂಗ ಮಾಡುವವರ ಮೇಲೆ. ಅಲ್ಲಿರುವ ಚಿನ್ನ, ಮುತ್ತು, ಧೂಮ್ರವರ್ಣದ ಬಟ್ಟೆ ಮುಂದಿನ ಅಧ್ಯಾಯದ ವ್ಯಾಪಾರಿಗಳ ಸರಕು. ಅದನ್ನು ಲೂಟಿ ಮಾಡಿದವರು ರಾಜರು, ಲಾಭ ತಿಂದವರು ವರ್ತಕರು. ಬೈಗುಳ ಮಾತ್ರ ಎಡಗಡೆಯ ಬೆಂಚಿನಲ್ಲಿ ಕೂತ ಹೆಂಗಸರಿಗೆ!

17ರ ಜೊತೆ 12ನ್ನೂ ಓದಿಸಿ. ಸೂರ್ಯನನ್ನೇ ಉಟ್ಟ ಹೆಂಗಸು, ಹೆರಿಗೆ ನೋವು, ಎದುರಿಗೆ ಮಗುವನ್ನು ನುಂಗಲು ಬಾಯಿ ತೆರೆದ ಘಟಸರ್ಪ. ಹೆರಿಗೆಯ ಕಥೆ ಹೇಳಲು ಶುರು ಮಾಡಿದರೆ ಮಹಿಳಾ ಕೂಟ ಸಂಜೆ ಮುಗಿಯುವುದು ತಡವಾಗುತ್ತದೆ. ಆಗಲಿ.

ಬಾಬಿಲೋನ್ ಅಂದ್ರೆ ರೋಮ್, ರೋಮ್ ಅಂದ್ರೆ ಪೋಪ್ ಅಂತ ಹಳೆಯವರು ಹೇಳ್ತಿದ್ರು. ನಮ್ಮ ಸೊಸೆ ಕೆಥೊಲಿಕ್.

ಯೋಹಾನ ಹೇಳಿದ್ದು ಚಕ್ರವರ್ತಿಗಳ ರೋಮಿನ ಬಗ್ಗೆ. ಪೋಪರ ಕಡೆಗೆ ಇದನ್ನು ತಿರುಗಿಸಿದ್ದು ಮುಖ್ಯವಾಗಿ ಸುಧಾರಣೆಯ ಕಾಲದ ಜಗಳ. 1522ರಲ್ಲಿ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾದಾಗ ಚಿತ್ರಕಾರ ಕ್ರಾನಾಕನ ಚಿತ್ರದಲ್ಲಿ ಬಾಬಿಲೋನಿನ ಸ್ತ್ರೀಯ ತಲೆಗೆ ಪೋಪರ ಮೂರಂತಸ್ತಿನ ಕಿರೀಟ ಇಟ್ಟಿದ್ದರು. ಗಲಾಟೆಯಾಗಿ, ಅದೇ ವರ್ಷದ ಡಿಸೆಂಬರಿನ ಮುದ್ರಣದಲ್ಲಿ ಕಿರೀಟವನ್ನು ಕೆತ್ತಿ ಸಣ್ಣದು ಮಾಡಿದರು. ಅರ್ಧ ಮನೆ ಸಿಎಸ್‌ಐ (ಪ್ರೊಟೆಸ್ಟೆಂಟ್), ಅರ್ಧ ಮನೆ ಕೆಥೊಲಿಕ್ ಇರುವ ನಮ್ಮ ಊರಲ್ಲಿ ಆ ಜಗಳವನ್ನು ಮತ್ತೆ ಹೊತ್ತಿಸುವುದು ಬೇಡ. ಸೊಸೆಯನ್ನೂ ಪಾಠಕ್ಕೆ ಕರೆಯಿರಿ.

ಪಕ್ಕದ ಮನೆಯವರು ನೇಮದ (ಭೂತಕೋಲದ) ಪ್ರಸಾದ ಕೊಟ್ರೆ ತೆಗೆದುಕೊಳ್ಳಬಹುದಾ? ಪೆರ್ಗಮದ ಪತ್ರದಲ್ಲಿ ಬೇಡ ಅಂತ ಉಂಟಲ್ಲ?

2:14 ಮತ್ತು 2:20ರಲ್ಲಿ ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವುದರ ವಿರುದ್ಧ ಗಟ್ಟಿ ಮಾತಿದೆ. ಪೌಲ 1 ಕೊರಿಂಥ 8 ಮತ್ತು 10ರಲ್ಲಿ ಇದೇ ಪ್ರಶ್ನೆಗೆ ಬೇರೆ ದಾಟಿಯಲ್ಲಿ ಉತ್ತರಿಸುತ್ತಾನೆ. ಎರಡನ್ನೂ ಒಟ್ಟಿಗೆ ಓದಿಸಿ. ಪೆರ್ಗಮದಲ್ಲಿ ಕ್ರಿ.ಪೂ. 29ರಲ್ಲೇ ಚಕ್ರವರ್ತಿ ಅಗಸ್ಟಸನಿಗೆ ಗುಡಿ ಕಟ್ಟಲು ಒಪ್ಪಿಗೆ ಸಿಕ್ಕಿತ್ತು. ಅಲ್ಲಿ ಹಬ್ಬದೂಟವೆಂದರೆ ಅಧಿಕಾರಕ್ಕೆ ತಲೆಬಾಗಿದ್ದೇನೆ ಎಂದು ತೋರಿಸುವ ಜಾಗವೂ ಆಗಿತ್ತು.

ನೆರೆಮನೆಯ ಅಕ್ಕ ಬಾಳೆಎಲೆಯಲ್ಲಿ ಪ್ರೀತಿಯಿಂದ ತಂದುಕೊಡುವುದು ಅದೇ ಅಲ್ಲ. ತೆಗೆದುಕೊಳ್ಳುವುದು ಬಿಡುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ಈ ಪತ್ರವನ್ನು ಹಿಡಿದು ನೆರೆಯವರ ದೇವರನ್ನು ‘ಮೃಗ’ ಎಂದು ಸಭೆಯಲ್ಲಿ ಹೇಳಲು ಯಾರಿಗೂ ಬಿಡಬೇಡಿ. ಯೋಹಾನನ ಮೃಗ ಒಂದು ಸಾಮ್ರಾಜ್ಯ.

18ನೇ ಅಧ್ಯಾಯದ ಸರಕಿನ ಪಟ್ಟಿಯಲ್ಲಿ ಕಲಿಸಲಿಕ್ಕೆ ಎಂತ ಉಂಟು? ಬಿಟ್ಟುಬಿಡಲಾ?

ದಯವಿಟ್ಟು ಬಿಡಬೇಡಿ. ಬಂದರಿನ ಊರಿನವರಾದ ನಮಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಹತ್ತಿರದ ಅಧ್ಯಾಯ ಇನ್ನೊಂದಿಲ್ಲ.

ಬಾಬಿಲೋನ್ ಎಂಬ ಮಹಾನಗರಿ ಇಲ್ಲಿ ಸುಟ್ಟು ಹೋಗುತ್ತದೆ. ಅದು ಕೊಳ್ಳುತ್ತಿದ್ದ ಸರಕಿನ ಪಟ್ಟಿ 12-13ನೇ ವಚನಗಳಲ್ಲಿದೆ. ಅವನ್ನು ಒಂದು ಹಾಳೆಯಲ್ಲಿ ಬರೆದು ಹಂಚಿ. ಚಿನ್ನ, ಬೆಳ್ಳಿ, ರತ್ನ, ಮುತ್ತು, ನಾರುಬಟ್ಟೆ, ರೇಷ್ಮೆ, ದಂತ, ಮರ, ಕಬ್ಬಿಣ, ದಾಲ್ಚಿನ್ನಿ, ಸಾಂಬಾರ, ಧೂಪ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ. ಇವುಗಳಲ್ಲಿ ಯಾವುದು ಅಂದು ನಮ್ಮ ದೇಶದಿಂದ ಹೋಗಿರಬಹುದು ಎಂದು ಗುರುತು ಹಾಕಲು ಹೇಳಿ. ಮುತ್ತು, ದಂತ, ರತ್ನ, ಸಾಂಬಾರ ಪದಾರ್ಥಗಳು ಇಂಡಿಯಾದ ಪಶ್ಚಿಮ ಕರಾವಳಿಯ ಬಂದರುಗಳಿಂದ ರೋಮಿನ ಕಡೆ ಹಡಗು ಹತ್ತುತ್ತಿದ್ದವು. ಇಂಡಿಯಾ ವರ್ಷಕ್ಕೆ ನಮ್ಮ 5 ಕೋಟಿ ಸೆಸ್ಟರ್ಸ್ ನಾಣ್ಯ ನುಂಗುತ್ತದೆ ಎಂದು ಆ ಶತಮಾನದವನೇ ಆದ ರೋಮಿನ ಬರಹಗಾರ ಪ್ಲಿನಿ ಗೊಣಗಿದ್ದಾನೆ. ಯೋಹಾನ ಬೆಂಕಿಯಲ್ಲಿ ಕಂಡ ಸರಕಿನಲ್ಲಿ ನಮ್ಮ ಕಡೆಯದ್ದೂ ಇತ್ತು!

ಈಗ ಅಳುವವರನ್ನು ನೋಡಿ. ರಾಜರು, ವರ್ತಕರು, ಹಡಗಿನವರು. ಮೂರು ಗುಂಪೂ ‘ದೂರದಲ್ಲಿ ನಿಂತು’ ಅಳುತ್ತವೆ. ಯಾರೂ ನೀರು ತರುವುದಿಲ್ಲ. ವರ್ತಕರ ದುಃಖ ಊರು ಸುಟ್ಟದ್ದಕ್ಕಲ್ಲ, ತಮ್ಮ ಸರಕನ್ನು ಇನ್ನು ಕೊಳ್ಳುವವರಿಲ್ಲ ಎಂಬುದಕ್ಕೆ. ಪಟ್ಟಿಯ ಕೊನೆಯಲ್ಲಿ, ಕುದುರೆ ರಥಗಳ ಆಚೆ, ಮನುಷ್ಯರು. ಗುಲಾಮರ ಮಾರಾಟ ಅಲ್ಲಿ ಚಿಲ್ಲರೆ ಸಾಮಾನಿನಂತೆ ಕೊನೆಗೆ ಬರುತ್ತದೆ. ಇಲ್ಲಿ ನಿಲ್ಲಿಸಿ, ಜನರನ್ನು ಮಾತಾಡಲು ಬಿಡಿ. ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡುವವರು, ಗೇರುಬೀಜದ ಫ್ಯಾಕ್ಟರಿಯಲ್ಲಿ ಕೈ ಕಪ್ಪು ಮಾಡಿಕೊಂಡವರು, ಗಲ್ಫಿನಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡ ಕಥೆ ಗೊತ್ತಿದ್ದವರು ನಿಮ್ಮ ಎದುರಿಗೇ ಇರುತ್ತಾರೆ. ಎಕ್ಸ್‌ಪೋರ್ಟ್ ವ್ಯಾಪಾರ ಮಾಡುವವರೂ ಇರುತ್ತಾರೆ. ಅವರನ್ನು ನೋಡಿ ಬೈಯಬೇಡಿ. ‘ನನ್ನ ಪ್ರಜೆಗಳೇ, ಅವಳನ್ನು ಬಿಟ್ಟು ಬನ್ನಿರಿ’ ಎಂಬ 18:4 ನಮ್ಮೆಲ್ಲರ ಮನೆಯ ಕಪಾಟಿಗೂ ಹೇಳಿದ್ದು.

‘ಇನ್ನು ಸಮುದ್ರವೂ ಇಲ್ಲ’ ಅಂತ 21:1ರಲ್ಲಿ ಉಂಟು. ನಾವು ಕಡಲ ಕರೆಯವರು. ಸಮುದ್ರ ಇಲ್ಲದ ಸ್ವರ್ಗ ಯಾರಿಗೆ ಬೇಕು ಮಾರ್ರೆ?

ಈ ಪ್ರಶ್ನೆ ಕೇಳಿದವರಿಗೆ ನನ್ನ ಸಲಾಂ. ಬಯಲುಸೀಮೆಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ.

ಪುಸ್ತಕದಲ್ಲಿ ಸಮುದ್ರ ಎಲ್ಲೆಲ್ಲಿ ಬರುತ್ತದೆ ನೋಡಿ. ಮೃಗ ಏರಿ ಬರುವುದು ಸಮುದ್ರದಿಂದ. ಬಾಬಿಲೋನಿನ ಸರಕು ಹೋಗುವುದು ಸಮುದ್ರದ ಮೇಲೆ. ಯೋಹಾನನನ್ನು ಪತ್ಮೊಸಿನಲ್ಲಿ ಅವನ ಜನರಿಂದ ದೂರ ಇಟ್ಟದ್ದೂ ಸಮುದ್ರವೇ. ಅವನಿಗೆ ಅದು ಅಪಾಯ, ಅಗಲಿಕೆ. ಅದೇ ಹೊತ್ತಿಗೆ 5:13ರಲ್ಲಿ ಸಮುದ್ರದ ಜೀವಿಗಳೂ ಕುರಿಮರಿಯನ್ನು ಹಾಡಿ ಹೊಗಳುತ್ತವೆ. ಹಾಗಾಗಿ ಮೀನು, ಅಲೆ, ಉಪ್ಪುಗಾಳಿ ದೇವರಿಗೆ ಬೇಡವಾಗಿದೆ ಎಂದು ಯಾರೂ ಹೇಳಬೇಕಾಗಿಲ್ಲ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಮೀನಿಗೆ ಹೋದ ಬೋಟೊಂದು ಏಳು ಮಂದಿಯ ಸಮೇತ ಕಾಣೆಯಾಯಿತು. ತಿಂಗಳುಗಟ್ಟಲೆ ಮನೆಯವರು ಕಾದರು. ಅದನ್ನು ಕಂಡವರಿಗೆ 20:13 ಬೇರೆಯೇ ಕೇಳಿಸುತ್ತದೆ: ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು. ಮೊದಲು ಅದನ್ನು ಓದಿ, ಆಮೇಲೆ 21:1 ಓದಿ. ‘ನನಗೆ ಆದರೂ ಸಮುದ್ರ ಬೇಕು’ ಎಂದು ಯಾರಾದರೂ ಹೇಳಿದರೆ ಬೇಕೆಂದೇ ಇರಲಿ. ಪಾಠ ಅಲ್ಲಿಗೆ ಸೋತಿಲ್ಲ.

ಸಾವಿರ ವರ್ಷದ ಆಳಿಕೆ ಮುಂದೆ ಬರ್ತದಾ, ಈಗ ನಡೀತಾ ಉಂಟಾ? ಪರೀಕ್ಷೆಯಲ್ಲಿ ಕೇಳಿದ ಹಾಗೆ ಕೇಳ್ತಾರೆ.

ಕ್ರಿಸ್ತ ಆಳುವ ‘ಸಾವಿರ ವರುಷ’ ಬರುವುದು 20ನೇ ಅಧ್ಯಾಯದ ಆರು ವಚನಗಳಲ್ಲಿ ಮಾತ್ರ. ಕ್ರಿಸ್ತ ಬಂದ ಮೇಲೆ ಅದು ಶುರು ಎನ್ನುವವರು ಒಂದು ಕಡೆ. ಅವನು ಬರುವ ಮುಂಚೆ ಲೋಕ ಸುಧಾರಿಸಿ ಆ ಕಾಲ ಬರುತ್ತದೆ ಎನ್ನುವವರು ಇನ್ನೊಂದು ಕಡೆ. ಹಳೆಯ ಕಾಲದ ಸಭಾ ಪಂಡಿತ ಅಗಸ್ಟೀನ್ ಹೇಳಿದ ಹಾಗೆ ಅದು ಸಭೆಯ ಈಗಿನ ಕಾಲವೇ ಎನ್ನುವವರು ಮೂರನೆಯವರು. ನನಗೆ ಮೂರನೆಯದು ಹಿಡಿಸುತ್ತದೆ, ಆದರೆ ಯಾರ ಜೊತೆಗೂ ಇದಕ್ಕಾಗಿ ಮಾತು ಬಿಡುವುದಿಲ್ಲ. ಒಂದು ವಾರದ ಕಾಲು ಗಂಟೆ ಇದಕ್ಕೆ ಸಾಕು.

ಪಾಠದ ನಡುವೆ ಒಬ್ಬರು ಕಡೇ ಕಾಲದ ದೊಡ್ಡ ಚಾರ್ಟ್ ಹಿಡಿದುಕೊಂಡು ಎದ್ದು ನಿಂತರೆ ಎಂತ ಮಾಡುವುದು?

ಅವರು ಬಂದೇ ಬರುತ್ತಾರೆ. ಹೆಚ್ಚಾಗಿ ನಿವೃತ್ತರು, ಬೈಬಲನ್ನು ನಿಮಗಿಂತ ಜಾಸ್ತಿ ಓದಿದವರು, ಮನೆಯಲ್ಲಿ ಕೇಳುವವರಿಲ್ಲದವರು. ಎಲ್ಲರೆದುರು ವಾದಕ್ಕೆ ಇಳಿಯಬೇಡಿ. ಚಾರ್ಟನ್ನು ಪಾಠ ಮುಗಿದ ಮೇಲೆ ಚಾ ಕುಡಿಯುವಾಗ ಬಿಡಿಸಿ ನೋಡೋಣ ಎನ್ನಿ, ಮತ್ತು ನಿಜವಾಗಿಯೂ ನೋಡಿ. ಮುಂದಿನ ವಾರದ ಅಧ್ಯಾಯವನ್ನು ಗಟ್ಟಿಯಾಗಿ ಓದುವ ಕೆಲಸವನ್ನು ಅವರಿಗೇ ಕೊಡಿ. ಇಂಥವರು ಊರ ಹೆಸರುಗಳನ್ನು ತಡವರಿಸದೆ ಓದುತ್ತಾರೆ, ಮೈಕ್ ಕೆಟ್ಟರೂ ಅವರ ದನಿ ಹಿಂದಿನ ಬೆಂಚಿಗೆ ಕೇಳುತ್ತದೆ.